ನೆಲ ಮಾರಿದ್ದರಿಂದ ಸಭೆ ಉಳಿಯಿತೇ? ನ್ಯೂಯಾರ್ಕಿನ ಸೇಂಟ್ ಪೀಟರ್ಸ್ ಲೂಥರನ್ ದೇವಾಲಯದ ಬಗ್ಗೆ ತಿಳಿದವರಲ್ಲಿ ಒಂದು ಪ್ರಶ್ನೆ

ಪ್ರಶ್ನೆ: ಕರಾವಳಿಯ ಒಬ್ಬ ಸಭಾಹಿರಿಯ

ಮಾನ್ಯರೇ,

ನಾನು ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಬಾಸೆಲ್ ಮಿಶನ್ (ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಮಿಶನರಿ ಸಂಸ್ಥೆ) ಕಾಲದಲ್ಲಿ ಹುಟ್ಟಿದ ಒಂದು ಹಳೆಯ ಸಭೆಗೆ ಸೇರಿದವನು. ಮುಂದೆ ನಮ್ಮ ಸಭೆಗಳು ದಕ್ಷಿಣ ಭಾರತ ಸಭೆಯಲ್ಲಿ (ಸಿಎಸ್‌ಐ) ಒಂದಾದವು. ಆದರೂ ಜರ್ಮನಿಯ ವುರ್ಟೆಂಬರ್ಗ್ ಸೀಮೆಯಿಂದ ಬಂದ ಮಿಶನರಿಗಳು ಬಿಟ್ಟುಹೋದ ಲೂಥರನ್ ಛಾಯೆ ನಮ್ಮ ಹಾಡುಗಳ ರಾಗದಲ್ಲಿ ಇನ್ನೂ ಉಳಿದಿದೆ. ನನ್ನ ಬಾಲ್ಯದಲ್ಲಿ ಕ್ರಿಸ್ಮಸ್ ಆರಾಧನೆಗೆ ತಡವಾಗಿ ಬಂದವರು ಜಗಲಿಯಲ್ಲಿ ನಿಲ್ಲಬೇಕಾಗುತ್ತಿತ್ತು. ಈಗ ಸಾಮಾನ್ಯ ಭಾನುವಾರದಂದು ಮುಂದಿನ ಐದು ಸಾಲು ಬೆಂಚುಗಳು ತುಂಬಿದರೆ ಅದೇ ಹೆಚ್ಚು. ಹೆಂಚಿನ ಕಾರ್ಖಾನೆಯನ್ನು ನಂಬಿ ಸುತ್ತಲೂ ನೆಲೆಸಿದ್ದ ಕುಟುಂಬಗಳು ಚದುರಿವೆ. ಮಕ್ಕಳು ಬೆಂಗಳೂರಿನಲ್ಲಿಯೂ ಕೊಲ್ಲಿ ರಾಷ್ಟ್ರಗಳಲ್ಲಿಯೂ ಇದ್ದಾರೆ, ಮತ್ತು ದೇವಾಲಯದ ಎದುರಿನ ಮನೆಗಳೆಲ್ಲ ಅಂಗಡಿಗಳಾಗಿವೆ.

ಇತ್ತೀಚೆಗೆ ಒಬ್ಬ ಬಿಲ್ಡರ್ ನಮ್ಮ ಆವರಣದಲ್ಲಿ ವಾಣಿಜ್ಯ ಸಂಕೀರ್ಣ ಕಟ್ಟುವ ಪ್ರಸ್ತಾಪವನ್ನು ಮುಂದಿಟ್ಟಿದ್ದಾರೆ. ಹಳೆಯ ದೇವಾಲಯವನ್ನು ಕೆಡವಿ, ನೆಲ ಅಂತಸ್ತಿನಲ್ಲಿ ನಮಗೊಂದು ಹೊಸ ಸಭಾಂಗಣವನ್ನು ಕೊಡುತ್ತಾರಂತೆ. ಹಿರಿಯರ ಕೂಟದಲ್ಲಿ ಇದರ ಪರವಾಗಿ ಮಾತನಾಡಿದವರೊಬ್ಬರು ನ್ಯೂಯಾರ್ಕಿನ ಸೇಂಟ್ ಪೀಟರ್ಸ್ ಲೂಥರನ್ ದೇವಾಲಯವನ್ನು ಉದಾಹರಿಸಿ, ಸಾಯುತ್ತಿದ್ದ ಸಭೆಯೊಂದು ನೆಲವನ್ನು ಬ್ಯಾಂಕಿಗೆ ಮಾರಿ ಮರುಜೀವ ಪಡೆಯಿತು ಎಂದರು. ಕೂಟದಲ್ಲಿದ್ದ ಯಾರಿಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲವಾದ್ದರಿಂದ ಆ ಮಾತು ಅಲ್ಲಿಯೇ ಗೆದ್ದಂತಾಯಿತು. ಆ ಸಭೆ ಕ್ಷೀಣಿಸಿದ್ದೇಕೆ, ಮತ್ತೆ ಚಿಗುರಿದ್ದು ಹೇಗೆ, ನೆಲದ ಮಾರಾಟಕ್ಕೂ ಆ ಚಿಗುರಿಗೂ ನಿಜವಾಗಿ ಎಷ್ಟು ಸಂಬಂಧವಿದೆ ಎಂಬುದನ್ನು ಬಲ್ಲವರು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ. ಮುಂದಿನ ತಿಂಗಳು ನಾವು ಮತ್ತೆ ಸೇರಲಿದ್ದೇವೆ.

ಉತ್ತರ 1: ನ್ಯೂಜೆರ್ಸಿಯಲ್ಲಿ ನೆಲೆಸಿರುವ ಮೈಸೂರಿನವರು

ನಾನು ಕ್ರೈಸ್ತನಲ್ಲ. ಆದರೆ ಹಲವು ವರ್ಷಗಳ ಕಾಲ ನನ್ನ ಕಚೇರಿ ಲೆಕ್ಸಿಂಗ್ಟನ್ ಅವೆನ್ಯೂದಲ್ಲಿ, ಆ ದೇವಾಲಯದಿಂದ ನಾಲ್ಕು ಹೆಜ್ಜೆಯ ದೂರದಲ್ಲಿತ್ತು. ಬುಧವಾರ ಮಧ್ಯಾಹ್ನ ಒಂದು ಗಂಟೆಗೆ ಅಲ್ಲಿ ಜಾಜ್ ಕಛೇರಿ ನಡೆಯುತ್ತಿತ್ತು. ನಾನು ಊಟದ ಬಿಡುವಿನಲ್ಲಿ ಹೋಗಿ ಕೂರುತ್ತಿದ್ದೆ. ಹಾಗೆ ಶುರುವಾದ ಕುತೂಹಲದಿಂದ ಅದರ ಚರಿತ್ರೆಯನ್ನು ಓದಿಕೊಂಡಿದ್ದೇನೆ.

ಆ ಸಭೆಯನ್ನು 1862ರ ಸುಮಾರಿಗೆ ಜರ್ಮನ್ ವಲಸಿಗರು ಕಟ್ಟಿಕೊಂಡರು. ಮೊದಲಿದ್ದ ನೆಲೆ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದ ವಿಸ್ತರಣೆಗೆ ಹೋಯಿತು. ಆಗ ಅವರು 54ನೆಯ ಬೀದಿ ಮತ್ತು ಲೆಕ್ಸಿಂಗ್ಟನ್ ಅವೆನ್ಯೂ ಕೂಡುವ ಮೂಲೆಗೆ ಬಂದು, 1905ರಲ್ಲಿ ಗಾಥಿಕ್ ಶೈಲಿಯ ಕಲ್ಲಿನ ದೇವಾಲಯವನ್ನು ಎಬ್ಬಿಸಿದರು. ನಿಮ್ಮ ಕೂಟದಲ್ಲಿ ಯಾರೂ ಹೇಳಿರಲಾರದ ಸಂಗತಿಯೆಂದರೆ, ನಗರದ ಒತ್ತಡಕ್ಕೆ ಸಿಕ್ಕಿ ಜಾಗ ಬಿಡುವುದು ಈ ಸಭೆಗೆ 1970ರಲ್ಲಿ ಹೊಸದಾಗಿರಲಿಲ್ಲ. ಅವರ ಅಜ್ಜಂದಿರೂ ಅದನ್ನು ಕಂಡಿದ್ದರು.

ಕ್ಷೀಣಿಸಿದ್ದಕ್ಕೆ ಕಾರಣವನ್ನು ಆ ಬೀದಿಗಳಲ್ಲಿಯೇ ಹುಡುಕಬೇಕು. ಜರ್ಮನ್ ಕುಟುಂಬಗಳು ಮ್ಯಾನ್‌ಹಟನ್ನಿನ ಆ ಭಾಗವನ್ನು ಬಿಟ್ಟು ಹೊರವಲಯಗಳಿಗೆ ಹೋದವು. 1955ರಲ್ಲಿ ಥರ್ಡ್ ಅವೆನ್ಯೂದ ಮೇಲೆ ಓಡುತ್ತಿದ್ದ ಎತ್ತರದ ರೈಲು ನಿಂತು ಅದರ ಕಂಬಗಳನ್ನು ಕಿತ್ತುಹಾಕಿದ ಮೇಲೆ, ಸುತ್ತಲಿನ ನೆಲಕ್ಕೆ ಏಕಾಏಕಿ ಬೆಲೆ ಬಂತು. ಅದಕ್ಕೂ ಮೊದಲೇ, 1952ರಲ್ಲಿ, ಪಕ್ಕದ ಪಾರ್ಕ್ ಅವೆನ್ಯೂದಲ್ಲಿ ಲಿವರ್ ಹೌಸ್ ಎಂಬ ಗಾಜಿನ ಕಚೇರಿ ಎದ್ದಿತ್ತು. 1958ರಲ್ಲಿ ಸೀಗ್ರಾಮ್ ಕಟ್ಟಡ ಬಂತು. ಹಳೆಯ ವಠಾರಗಳು ಒಂದೊಂದಾಗಿ ಕಚೇರಿಗಳಿಗೆ ಎಡೆಮಾಡಿಕೊಟ್ಟವು. ವಾರದ ದಿನಗಳಲ್ಲಿ ಲಕ್ಷಾಂತರ ಜನ ಓಡಾಡುವ ಆ ಬೀದಿಗಳು ಭಾನುವಾರ ಬೆಳಿಗ್ಗೆ ಬಿಕೋ ಎನ್ನುತ್ತಿದ್ದವು, ಮತ್ತು ದೇವಾಲಯದ ಮುಖ್ಯ ಆರಾಧನೆ ಇದ್ದದ್ದು ಆ ಹೊತ್ತಿನಲ್ಲೇ. ಜನರ ಭಕ್ತಿ ಕಡಿಮೆಯಾಯಿತೆಂಬ ವಿವರಣೆಗಿಂತ ಇದು ನನಗೆ ಹೆಚ್ಚು ಸತ್ಯವೆನಿಸುತ್ತದೆ. ನಿಮ್ಮ ದೇವಾಲಯದ ಎದುರಿನ ಮನೆಗಳು ಅಂಗಡಿಗಳಾದವೆಂದು ನೀವು ಬರೆದಾಗ ನನಗೆ ಅದೇ ನೆನಪಾಯಿತು.

1960ರ ದಶಕದ ಕೊನೆಯಲ್ಲಿ ಸಭಾಪಾಲಕ ರಾಲ್ಫ್ ಪೀಟರ್ಸನ್ ಅವರ ನೇತೃತ್ವದಲ್ಲಿ ಸಭೆ ಬಹಳ ಚರ್ಚಿಸಿತು. ಮಾರಿ ಬೇರೆಡೆಗೆ ಹೋಗಬಹುದಿತ್ತು, ಬಾಗಿಲು ಮುಚ್ಚಬಹುದಿತ್ತು. ಅವರು ಉಳಿಯಲು ತೀರ್ಮಾನಿಸಿದರು. ಆ ಹೊತ್ತಿಗೆ ಇಂದು ಸಿಟಿಬ್ಯಾಂಕ್ ಎಂದು ಕರೆಯುವ ಬ್ಯಾಂಕು ಆ ಚೌಕವನ್ನೆಲ್ಲ ತುಂಡುತುಂಡಾಗಿ ಕೊಳ್ಳುತ್ತಿತ್ತು. ದೇವಾಲಯವಿದ್ದ ಮೂಲೆ ಸಿಗದೆ ಅವರ ಯೋಜನೆ ಪೂರ್ಣವಾಗುವಂತಿರಲಿಲ್ಲ. ಸುಮಾರು 90 ಲಕ್ಷ ಡಾಲರಿಗೆ ಒಪ್ಪಂದವಾಯಿತು. ಆದರೆ ಇದನ್ನು ಬರೀ ಮಾರಾಟವೆಂದು ಕರೆಯುವುದು ತಪ್ಪು. ಹೊಸ ದೇವಾಲಯ ಅದೇ ಮೂಲೆಯಲ್ಲಿ, ಬ್ಯಾಂಕು ಕಟ್ಟಲಿದ್ದ ಗಗನಚುಂಬಿ ಗೋಪುರದಿಂದ ಬೇರೆಯಾದ ಸ್ವಂತ ಕಟ್ಟಡವಾಗಿ ಇರಬೇಕೆಂದು ಸಭೆ ಷರತ್ತು ಹಾಕಿತು. ಕಾಂಡೊಮಿನಿಯಮ್ ಪದ್ಧತಿಯಲ್ಲಿ, ಅಂದರೆ ಒಂದೇ ಸಂಕೀರ್ಣದ ಭಾಗಗಳಿಗೆ ಬೇರೆ ಬೇರೆ ಒಡೆಯರಿರುವ ಕ್ರಮದಲ್ಲಿ, ತನ್ನ ಪಾಲಿನ ಒಡೆತನವನ್ನೂ ಉಳಿಸಿಕೊಂಡಿತು. ಅವರು ಬ್ಯಾಂಕಿನ ಬಾಡಿಗೆದಾರರಲ್ಲ.

ಹೊಸ ದೇವಾಲಯದ ಪ್ರತಿಷ್ಠೆ 1977ರ ಡಿಸೆಂಬರಿನಲ್ಲಿ ಆಯಿತು. ಹೊರಗಿನಿಂದ ನೋಡಿದರೆ ಅದು ಸೀಳಿದ ಬೂದು ಬಣ್ಣದ ಬಂಡೆಯಂತಿದೆ, ಆ ಸೀಳಿನಲ್ಲಿ ಬೆಳಕು ಇಳಿಯುತ್ತದೆ. ಆರಾಧನಾಂಗಣ ರಸ್ತೆಯ ಮಟ್ಟಕ್ಕಿಂತ ಕೆಳಗಿರುವುದರಿಂದ, ಕಾಲುದಾರಿಯಲ್ಲಿ ನಡೆಯುವವರು ದೊಡ್ಡ ಕಿಟಕಿಯ ಮೂಲಕ ಕೆಳಗೆ ನಡೆಯುವ ಆರಾಧನೆಯನ್ನು ನಿಂತು ನೋಡಬಹುದು. ಒಳಾಂಗಣವನ್ನು ರೂಪಿಸಿದವರು ಮಾಸಿಮೊ ಮತ್ತು ಲೆಲ್ಲಾ ವಿನೆಲ್ಲಿ ದಂಪತಿಗಳು. ಬೆಂಚುಗಳನ್ನು ಎತ್ತಿ ಬೇಕಾದಂತೆ ಜೋಡಿಸಬಹುದು, ಬೆಳಿಗ್ಗೆ ಕರ್ತನ ಭೋಜನಕ್ಕೆ ಮೇಜನ್ನು ಸುತ್ತುವರಿದಿದ್ದ ಸಾಲುಗಳು ಸಂಜೆ ಕಛೇರಿಗೆ ಬೇರೆ ಕಡೆ ಮುಖ ಮಾಡುತ್ತವೆ. ಪಕ್ಕದಲ್ಲಿಯೇ ಲೂಯಿಸ್ ನೆವೆಲ್ಸನ್ ಎಂಬ ಯಹೂದಿ ಶಿಲ್ಪಿ ರೂಪಿಸಿದ ಪುಟ್ಟ ಪ್ರಾರ್ಥನಾಮಂದಿರವಿದೆ. ಬಿಳಿ ಬಳಿದ ಮರದ ತುಂಡುಗಳನ್ನು ಗೋಡೆಯ ತುಂಬ ಜೋಡಿಸಿರುವ ಆ ಕೋಣೆಯಲ್ಲಿ ಕೆಲಸದ ದಿನಗಳ ಮಧ್ಯಾಹ್ನ ಕೋಟು ತೊಟ್ಟ ಗುಮಾಸ್ತರು, ಕಾವಲುಗಾರರು, ನನ್ನಂಥವರು ಹತ್ತು ನಿಮಿಷ ಸುಮ್ಮನೆ ಕೂತು ಹೋಗುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಲ್ಲಿ ನನ್ನನ್ನು ಯಾರೂ ಎಂದೂ ಯಾವ ಮತದವನೆಂದು ಕೇಳಲಿಲ್ಲ.

ಉತ್ತರ 2: ಬೆಂಗಳೂರಿನ ಸ್ಟ್ರಕ್ಚರಲ್ ಇಂಜಿನಿಯರ್

ಮೇಲಿನವರು ಹೇಳಿದ ಷರತ್ತಿನ ಪರಿಣಾಮವನ್ನು ನಮ್ಮ ವೃತ್ತಿಯವರು ಇಂದಿಗೂ ಪಾಠವಾಗಿ ಓದುತ್ತಾರೆ. ಬಿಲ್ಡರ್ ಜೊತೆ ಮಾತಿಗೆ ಕೂರುವವರಿಗೆ ಇದು ತಿಳಿದಿರುವುದು ಒಳ್ಳೆಯದೆಂದು ಬರೆಯುತ್ತಿದ್ದೇನೆ.

ದೇವಾಲಯ ಚೌಕದ ಒಂದು ಮೂಲೆಯಲ್ಲಿತ್ತು, ಗೋಪುರದ ಕಂಬಗಳು ಅದರೊಳಗೆ ಇಳಿಯಕೂಡದೆಂಬುದು ಸಭೆಯ ಹಟವಾಗಿತ್ತು. ಸಾಮಾನ್ಯವಾಗಿ ಕಟ್ಟಡದ ಕಂಬಗಳು ಮೂಲೆಗಳಲ್ಲಿರುತ್ತವೆ. ಇಲ್ಲಿ ಅದು ಸಾಧ್ಯವಿಲ್ಲದ್ದರಿಂದ ವಾಸ್ತುಶಿಲ್ಪಿ ಹ್ಯೂ ಸ್ಟಬಿನ್ಸ್ ಮತ್ತು ಇಂಜಿನಿಯರ್ ವಿಲಿಯಂ ಲೆಮೆಷರಿಯರ್ ಅವರು 59 ಅಂತಸ್ತಿನ, 915 ಅಡಿ ಎತ್ತರದ ಗೋಪುರವನ್ನು ನಾಲ್ಕು ಬದಿಗಳ ನಟ್ಟನಡುವೆ ನಿಂತ 114 ಅಡಿಯ ಬೃಹತ್ ಕಂಬಗಳ ಮೇಲೂ ನಡುವಿನ ಲಿಫ್ಟ್ ಗೂಡಿನ ಮೇಲೂ ಎತ್ತಿ ನಿಲ್ಲಿಸಿದರು. ನಾಲ್ಕು ಮೂಲೆಗಳೂ 72 ಅಡಿಯಷ್ಟು ಗಾಳಿಯಲ್ಲಿ ಚಾಚಿಕೊಂಡಿವೆ. ಅವುಗಳಲ್ಲೊಂದರ ಕೆಳಗೆ ದೇವಾಲಯವಿದೆ. ತೆರವಾಗುವ ಅಂಚಿನಲ್ಲಿದ್ದ ಒಂದು ಸಣ್ಣ ಸಭೆ, ಆ ದಿನಗಳಲ್ಲಿ ಜಗತ್ತಿನ ಅತಿ ಎತ್ತರದ ಕಟ್ಟಡಗಳಲ್ಲೊಂದರ ಆಕಾರವನ್ನೇ ನಿರ್ಧರಿಸಿತೆಂದರೆ, ಮೂಲೆ ಕೈಯಲ್ಲಿದ್ದಾಗ ಏನು ಕೇಳಬೇಕೆಂಬುದು ಅವರಿಗೆ ಗೊತ್ತಿತ್ತು. ಬೆಲೆಯ ಮಾತು ಮುಗಿದ ಮೇಲೆ ಷರತ್ತು ಹಾಕಲು ಹೊರಟಿದ್ದರೆ ಇದು ಆಗುತ್ತಿರಲಿಲ್ಲ.

ಇನ್ನೊಂದು ಮುಖವೂ ಇದೆ. 1978ರಲ್ಲಿ, ಅಂದರೆ ದೇವಾಲಯದ ಪ್ರತಿಷ್ಠೆಯಾದ ಮರುವರ್ಷ, ವಿದ್ಯಾರ್ಥಿಗಳು ಎತ್ತಿದ ಪ್ರಶ್ನೆಗಳ ನಂತರ ಲೆಮೆಷರಿಯರ್ ತಮ್ಮ ಲೆಕ್ಕವನ್ನು ಮತ್ತೆ ನೋಡಿದರು. ಗಾಳಿ ನೇರವಾಗಿ ಬೀಸದೆ ಓರೆಯಾಗಿ, ಮೂಲೆಯ ಕಡೆಯಿಂದ ಬೀಸಿದರೆ ಕೆಲವು ಕರ್ಣಪಟ್ಟಿಗಳ (ಗೋಪುರವನ್ನು ಬಿಗಿಹಿಡಿಯುವ ಓರೆ ಉಕ್ಕಿನ ತೊಲೆಗಳ) ಮೇಲಿನ ಒತ್ತಡ 40 ಶೇಕಡಾ ಹೆಚ್ಚುತ್ತದೆಂದು ಅವರಿಗೆ ಕಂಡಿತು. ಬೆಸುಗೆ ಹಾಕಬೇಕೆಂದುಕೊಂಡಿದ್ದ ಕೀಲುಗಳನ್ನು ಖರ್ಚು ಉಳಿಸಲು ಬೋಲ್ಟುಗಳಿಂದ ಜೋಡಿಸಿದ್ದರೆಂಬುದು ಅದಕ್ಕೂ ದೊಡ್ಡ ಆತಂಕವಾಯಿತು. ಚಂಡಮಾರುತದ ಋತುವಿನಲ್ಲಿ, ರಾತ್ರಿಯ ಹೊತ್ತು, ಕಚೇರಿಯವರು ಮನೆಗೆ ಹೋದ ಮೇಲೆ, ಬೆಸುಗೆಗಾರರು ಎರಡಂಗುಲ ದಪ್ಪದ ಉಕ್ಕಿನ ಫಲಕಗಳನ್ನು 200ಕ್ಕೂ ಹೆಚ್ಚು ಕೀಲುಗಳಿಗೆ ಹಚ್ಚಿದರು. ನಗರದ ಪತ್ರಿಕೆಗಳು ಆಗ ಮುಷ್ಕರದಲ್ಲಿದ್ದವು. ಪೂರ್ಣ ಕಥೆ ಸಾರ್ವಜನಿಕರಿಗೆ ತಿಳಿದದ್ದು 1995ರಲ್ಲಿ. ಅಷ್ಟು ವರ್ಷಗಳ ಕಾಲ ಆ ಮೂಲೆಯ ಕೆಳಗೆ ಕೂತು ಹಾಡಿದವರಿಗೆ ತಮ್ಮ ತಲೆಯ ಮೇಲೆ ಏನು ನಡೆದಿತ್ತೆಂಬುದು ಗೊತ್ತಿರಲಿಲ್ಲ.

ಇದರಲ್ಲಿ ಸಭೆಯ ತಪ್ಪೇನೂ ಇಲ್ಲ. ತಪ್ಪು ಗಾಳಿಯ ಲೆಕ್ಕದಲ್ಲಿಯೂ ಕೀಲುಗಳ ಬದಲಾವಣೆಯಲ್ಲಿಯೂ ಇತ್ತು. ಆದರೂ ನನ್ನ ವಿನಂತಿಯೆಂದರೆ, ನೀವು ಯಾರ ಜೊತೆ ಯಾವ ಒಪ್ಪಂದಕ್ಕೆ ಬಂದರೂ, ಬಿಲ್ಡರಿನ ಇಂಜಿನಿಯರನ್ನೇ ನಂಬದೆ ಸಭೆಯ ಪರವಾಗಿ ಸ್ವತಂತ್ರ ಇಂಜಿನಿಯರೊಬ್ಬರನ್ನು ನೇಮಿಸಿಕೊಳ್ಳಿ. ಒಡೆತನದ ಪಾಲು ನೋಂದಾಯಿತ ಪತ್ರದಲ್ಲಿ ಸ್ಪಷ್ಟವಾಗಿರಲಿ. "ನೆಲ ಅಂತಸ್ತಿನಲ್ಲಿ ಸಭಾಂಗಣ ಕೊಡುತ್ತೇವೆ" ಎಂಬ ಮಾತಿನಲ್ಲಿ "ಕೊಡುತ್ತೇವೆ" ಎಂಬುದರ ಅರ್ಥವೇನು ಎಂದು ಮೊದಲು ಕೇಳಿ.

ಉತ್ತರ 3: ಧಾರವಾಡದ ನಿವೃತ್ತ ಸಭಾಪಾಲಕರು

ಇಬ್ಬರೂ ತಿಳಿದು ಬರೆದಿದ್ದಾರೆ. ಆದರೆ ಮೂಲ ಪ್ರಶ್ನೆಗೆ, ಅಂದರೆ ಚಿಗುರಿಗೂ ಮಾರಾಟಕ್ಕೂ ಇರುವ ಸಂಬಂಧಕ್ಕೆ, ಇನ್ನೂ ಉತ್ತರ ಬಂದಿಲ್ಲವೆಂದು ನನಗೆ ಅನ್ನಿಸುತ್ತದೆ. ನನ್ನ ದೃಷ್ಟಿಯಲ್ಲಿ ಚಿಗುರು ಮೊದಲು ಬಂತು, ಹಣ ಆಮೇಲೆ ಬಂತು. ಈ ಕ್ರಮವನ್ನು ಹಿಂದುಮುಂದು ಮಾಡಿದರೆ ಇಡೀ ಉದಾಹರಣೆಯೇ ಸುಳ್ಳಾಗುತ್ತದೆ.

ಜಾನ್ ಗಾರ್ಸಿಯಾ ಜೆನ್ಸೆಲ್ ಎಂಬ ಲೂಥರನ್ ಸಭಾಪಾಲಕರಿದ್ದರು. ಪೋರ್ಟೊ ರಿಕೋದಲ್ಲಿ 1917ರಲ್ಲಿ ಹುಟ್ಟಿದವರು. ನ್ಯೂಯಾರ್ಕಿಗೆ ಬಂದ ಮೇಲೆ ಅವರಿಗೆ ಜಾಜ್ ಸಂಗೀತದ ಮೇಲೆ ಪ್ರೀತಿ ಬೆಳೆಯಿತು. ರಾತ್ರಿಯ ಕ್ಲಬ್ಬುಗಳಿಗೆ ಹೋಗಿ ಕೇಳುತ್ತಿದ್ದರು, ವಾದಕರ ಪರಿಚಯ ಮಾಡಿಕೊಂಡರು, ಅವರ ಕಾಯಿಲೆ, ಸಾಲ, ಕುಡಿತ, ಸಾವುಗಳಲ್ಲಿ ಜೊತೆಗೆ ನಿಂತರು. ಶನಿವಾರ ರಾತ್ರಿಯೆಲ್ಲ ನುಡಿಸಿ ನಸುಕಿನಲ್ಲಿ ಮಲಗುವ ವಾದಕನೊಬ್ಬ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ದೇವಾಲಯದಲ್ಲಿರಲು ಸಾಧ್ಯವಿಲ್ಲ. ಆ ಸರಳ ಸಂಗತಿಯನ್ನು ಅವರು ಗಮನಿಸಿದರು. 1965ರಲ್ಲಿ ಸೇಂಟ್ ಪೀಟರ್ಸ್ ದೇವಾಲಯದಲ್ಲಿ ಭಾನುವಾರ ಸಂಜೆ ಐದು ಗಂಟೆಗೆ ಜಾಜ್ ಸಂಧ್ಯಾರಾಧನೆ ಆರಂಭವಾಯಿತು. ಕೀರ್ತನೆ, ವಾಚನ, ಪ್ರಾರ್ಥನೆ ಎಲ್ಲವೂ ಇದ್ದವು. ಹಾಡುವ ಬಗೆ ಮಾತ್ರ ಬಂದವರದ್ದಾಗಿತ್ತು.

ಇನ್ನು ಇಸವಿಗಳನ್ನು ನೋಡಿ. ಜಾಜ್ ಸಂಯೋಜಕ ಬಿಲ್ಲಿ ಸ್ಟ್ರೇಹಾರ್ನ್ ಅವರ ಅಂತ್ಯಸಂಸ್ಕಾರದ ಆರಾಧನೆ ಈ ದೇವಾಲಯದಲ್ಲಿ ನಡೆದದ್ದು 1967ರ ಜೂನಿನಲ್ಲಿ. ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರದು ಅದೇ ವರ್ಷದ ಜುಲೈ 21ರಂದು, ಅಂದು ಜಾಜ್ ವಾದಕರಾದ ಆಲ್ಬರ್ಟ್ ಐಲರ್ ಮತ್ತು ಆರ್ನೆಟ್ ಕೋಲ್ಮನ್ ತಮ್ಮ ತಮ್ಮ ತಂಡಗಳೊಡನೆ ನುಡಿಸಿದರು. ಎರಡೂ ನಡೆದದ್ದು 1905ರ ಹಳೆಯ ಕಲ್ಲಿನ ಕಟ್ಟಡದಲ್ಲಿ, ಸದಸ್ಯರ ಪಟ್ಟಿ ಕುಗ್ಗುತ್ತಿದ್ದ ಕಾಲದಲ್ಲಿ, ಬ್ಯಾಂಕಿನ ಹಣ ಕೈಗೆ ಬರುವುದಕ್ಕೆ ಎಷ್ಟೋ ಮೊದಲು. ಸಾಯುತ್ತಿದೆಯೆಂದು ಎಲ್ಲರೂ ಲೆಕ್ಕ ಹಾಕಿದ್ದ ದೇವಾಲಯಕ್ಕೆ ನಗರದ ಕಪ್ಪು ವಾದಕರು ತಮ್ಮ ಮೃತರನ್ನು ಹೊತ್ತು ತಂದರು. ಅದಕ್ಕಿಂತ ದೊಡ್ಡ ನಂಬಿಕೆಯನ್ನು ಒಂದು ಸಭೆಯ ಮೇಲೆ ಇಡಲು ಸಾಧ್ಯವೇ ಎಂದು ನಾನು ಅನೇಕ ಸಲ ಯೋಚಿಸಿದ್ದೇನೆ. ಎಷ್ಟೋ ಶವಸಂಸ್ಕಾರಗಳನ್ನು ನಡೆಸಿದವನಾಗಿ ಹೇಳುತ್ತೇನೆ, ದುಃಖದಲ್ಲಿರುವವರು ತಮಗೆ ಪರಿಚಯವಿಲ್ಲದ ಬಾಗಿಲನ್ನು ಬಡಿಯುವುದಿಲ್ಲ.

ಸ್ಟ್ರೇಹಾರ್ನ್ ಅವರ ಪಿಯಾನೋ ಆ ದೇವಾಲಯಕ್ಕೇ ಬಂತು. ಪ್ರಸಿದ್ಧ ಜಾಜ್ ಸಂಯೋಜಕ ಡ್ಯೂಕ್ ಎಲಿಂಗ್ಟನ್ ಅವರು ಜೆನ್ಸೆಲ್ ಅವರನ್ನು ಇರುಳಿನ ಹಿಂಡಿನ ಕುರುಬನೆಂದು ಕರೆದು ಒಂದು ರಚನೆಯನ್ನೇ ಅರ್ಪಿಸಿದರು. ಜಾಜ್ ಪಿಯಾನೋ ವಾದಕ ಥೆಲೋನಿಯಸ್ ಮಂಕ್ 1982ರಲ್ಲಿ ತೀರಿಕೊಂಡಾಗ ಅವರ ಅಂತ್ಯಸಂಸ್ಕಾರದ ಆರಾಧನೆ ಹೊಸ ಕಟ್ಟಡದಲ್ಲಿ ನಡೆಯಿತು. ಹದಿನೈದು ವರ್ಷಗಳ ಹಿಂದೆ ಹಳೆಯ ಕಟ್ಟಡದಲ್ಲಿ ಬೆಳೆದ ಸಂಬಂಧವೇ ಅಲ್ಲಿಗೂ ಬಂದಿತ್ತು. ಹೀಗಿರುವಾಗ 90 ಲಕ್ಷ ಡಾಲರು ಆ ಸಭೆಗೆ ಜೀವ ಕೊಟ್ಟಿತೆಂದು ಹೇಳುವುದು, ಮಗು ನಡೆಯಲು ಕಲಿತದ್ದು ಹೊಸ ಚಪ್ಪಲಿಯಿಂದ ಎಂದ ಹಾಗಾಗುತ್ತದೆ. ಹಣ ಅವರಿಗೆ ಚಾವಣಿ ಕೊಟ್ಟಿತು, ಅದನ್ನು ಅಲ್ಲಗಳೆಯಲಾರೆ.

ನಮ್ಮ ಕಡೆಯ ಅನುಭವವನ್ನೂ ಸೇರಿಸುತ್ತೇನೆ. 1834ರಲ್ಲಿ ಬಾಸೆಲ್ ಮಿಶನ್ ಮಂಗಳೂರಿಗೆ ಬಂದ ಮೇಲೆ, ಮತಾಂತರವಾಗಿ ಕಸುಬು ಕಳೆದುಕೊಂಡವರಿಗೆ ಕೆಲಸ ಬೇಕೆಂದು ನೇಯ್ಗೆ, ಮುದ್ರಣ, ಹೆಂಚಿನ ಕೆಲಸಗಳು ಆರಂಭವಾದವು. ಸಭೆ ಮತ್ತು ಕಾರ್ಖಾನೆ ಒಂದನ್ನೊಂದು ಆತುಕೊಂಡು ಬೆಳೆದವು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಮಿಶನರಿಗಳನ್ನು ಬಂಧಿಸಿ ಹೊರಗೆ ಕಳುಹಿಸಲಾಯಿತು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಪಾಲಾದವು. ಆದರೂ ಸಭೆಗಳು ಮುಚ್ಚಲಿಲ್ಲ. ಆಸ್ತಿ ಕೈತಪ್ಪಿದ ಆ ದಿನಗಳಲ್ಲಿ ಸ್ಥಳೀಯ ಸಭಾಪಾಲಕರೂ ಉಪದೇಶಿಗಳೂ ಬೈಬಲ್ ಹೆಂಗಸರೂ ಮನೆಮನೆಗೆ ನಡೆದು ಅವನ್ನು ಉಳಿಸಿಕೊಂಡರು. ಆಸ್ತಿಯಿಂದ ಸಭೆ ಉಳಿಯುತ್ತದೆಂಬ ವಾದ ನಮ್ಮದೇ ಚರಿತ್ರೆಯ ಮುಂದೆ ನಿಲ್ಲುವುದಿಲ್ಲ.

ಆದ್ದರಿಂದ ನಿಮ್ಮ ಕೂಟದಲ್ಲಿ ಬಿಲ್ಡರಿನ ಪತ್ರವನ್ನು ಓದುವುದಕ್ಕೆ ಮೊದಲು ಒಂದು ಕೆಲಸ ಮಾಡಿ. ದೇವಾಲಯದ ಸುತ್ತ ಅರ್ಧ ಮೈಲಿಯಲ್ಲಿ ಈಗ ಯಾರು ಇದ್ದಾರೆ, ಅವರು ಯಾವ ಹೊತ್ತಿನಲ್ಲಿ ಬಿಡುವಾಗಿರುತ್ತಾರೆ ಎಂಬುದನ್ನು ನಡೆದು ನೋಡಿ ಬರೆದುಕೊಳ್ಳಿ.

ಪ್ರಶ್ನೆ ಕೇಳಿದವರ ಮರುಮಾತು

ಮೂವರಿಗೂ ಮನಃಪೂರ್ವಕ ವಂದನೆಗಳು. ಹಿರಿಯ ಸಭಾಪಾಲಕರ ಮಾತು ನನ್ನನ್ನು ತಟ್ಟಿದೆ. ನಮ್ಮ ದೇವಾಲಯದ ಹಿಂದಿನ ಓಣಿಯಲ್ಲಿ ಆಸ್ಪತ್ರೆಗಳಲ್ಲಿ ದುಡಿಯುವ ನರ್ಸುಗಳ ಬಾಡಿಗೆ ಕೋಣೆಗಳಿವೆ. ಅವರಲ್ಲಿ ಹಲವರು ಕ್ರೈಸ್ತರು, ರಾತ್ರಿ ಪಾಳಿ ಮುಗಿಸಿ ಭಾನುವಾರ ಬೆಳಿಗ್ಗೆ ನಮ್ಮ ಗಂಟೆ ಬಾರಿಸುವ ಹೊತ್ತಿಗೆ ಮಲಗುತ್ತಾರೆ. ಒಮ್ಮೆ ಅವರಲ್ಲೊಬ್ಬರು ಸಂಜೆ ಆರಾಧನೆ ಇದೆಯೇ ಎಂದು ಕೇಳಿದ್ದರು, ನಾನು ಇಲ್ಲವೆಂದು ಹೇಳಿ ಕಳುಹಿಸಿದ್ದೆ. ಮೂರು ವರ್ಷವಾಯಿತು. ಅದು ಇವತ್ತಿನವರೆಗೆ ನನಗೆ ನೆನಪಾಗಿರಲಿಲ್ಲ.

ನ್ಯೂಜೆರ್ಸಿಯವರಲ್ಲಿ ಒಂದೇ ಪ್ರಶ್ನೆ ಉಳಿದಿದೆ. ಹೊಸ ಕಟ್ಟಡ ಬಂದ ಮೇಲೆ ಆ ಸಭೆಗೆ ಕಷ್ಟಗಳು ತೀರಿದವೇ?

ಉತ್ತರ 1ರವರಿಂದ ಮತ್ತೆ

ತೀರಲಿಲ್ಲ. 2021ರ ಜನವರಿ 4ರಂದು ಹೊರಗಿನ ರಸ್ತೆಯ ಕೆಳಗಿನ ನೀರಿನ ಮುಖ್ಯ ಕೊಳವೆ ಒಡೆದು ದೇವಾಲಯದೊಳಗೆ ನೀರು ನುಗ್ಗಿತು. ಬೀದಿಯವರಿಗೆ ಕಾಣಲೆಂದು ಆರಾಧನಾಂಗಣವನ್ನು ಕೆಳಗಿಟ್ಟದ್ದೇ ಅಂದು ಮುಳುವಾಯಿತು. ವಿನೆಲ್ಲಿ ದಂಪತಿಗಳ ಒಳಾಂಗಣ, ಬಾನ್ ನಗರದ ಕ್ಲೈಸ್ ಮನೆತನದವರು ಮಾಡಿದ ಆರ್ಗನ್, ಕೆಳಗಿನ ಕೋಣೆಗಳು, ಅಲ್ಲಿ 1990ರ ದಶಕದಿಂದ ನಾಟಕವಾಡುತ್ತಿದ್ದ ಯಾರ್ಕ್ ಥಿಯೇಟರ್ ತಂಡದ ರಂಗಮಂದಿರ, ಎಲ್ಲವೂ ಹಾನಿಗೊಳಗಾದವು. ಕೋವಿಡ್ ಕಾರಣದಿಂದ ಕಚೇರಿಗಳು ಆಗಲೇ ಖಾಲಿಯಾಗಿದ್ದವು. 1960ರ ದಶಕದ ಭಾನುವಾರಗಳಂತೆ ಆಗ ವಾರದ ಏಳೂ ದಿನ ಆ ಬೀದಿ ನಿರ್ಜನವಾಗಿತ್ತು.

ನೀವು ಕೇಳಿದ್ದಕ್ಕೆ ಇಷ್ಟು ಸೇರಿಸಬಲ್ಲೆ. ಆ ಸಭೆ ಇಂದು ಜರ್ಮನ್ನರದ್ದಲ್ಲ. ಅಲ್ಲಿ ಇಂಗ್ಲಿಷಿನ ಜೊತೆಗೆ ಸ್ಪ್ಯಾನಿಷ್ ಭಾಷೆಯಲ್ಲಿಯೂ ಆರಾಧನೆ ನಡೆಯುತ್ತದೆ, ಲ್ಯಾಟಿನ್ ಅಮೆರಿಕದಿಂದ ಬಂದ ವಲಸಿಗರು ಅದರ ದೊಡ್ಡ ಭಾಗವಾಗಿದ್ದಾರೆ. 1862ರಲ್ಲಿ ತಮ್ಮ ಭಾಷೆಯಲ್ಲಿ ಪ್ರಾರ್ಥಿಸಲು ಒಂದು ಕೋಣೆ ಹುಡುಕಿಕೊಂಡ ವಲಸಿಗರ ಜಾಗದಲ್ಲಿ ಈಗ ಬೇರೆ ವಲಸಿಗರು ಅದನ್ನೇ ಮಾಡುತ್ತಿದ್ದಾರೆ.

ಪ್ರಶ್ನೆ ಕೇಳಿದವರು

ವಂದನೆಗಳು. ಈ ಎಲ್ಲ ಉತ್ತರಗಳನ್ನು ಮುದ್ರಿಸಿ ಹಿರಿಯರಿಗೆ ಹಂಚುತ್ತೇನೆ. ಬಿಲ್ಡರಿನ ಪ್ರಸ್ತಾಪಕ್ಕೆ ಆರು ತಿಂಗಳ ಕಾಲಾವಕಾಶ ಕೇಳಬೇಕೆಂದೂ, ಅಷ್ಟರೊಳಗೆ ಭಾನುವಾರ ಸಂಜೆ ಆರೂವರೆಗೆ ಒಂದು ಆರಾಧನೆಯನ್ನು ಆರಂಭಿಸಬೇಕೆಂದೂ ಸೂಚನೆ ಮಂಡಿಸಲಿದ್ದೇನೆ. ಅದಕ್ಕೂ ಮೊದಲು, ಈ ಶನಿವಾರ, ನಾನು ಮತ್ತು ನನ್ನ ಪತ್ನಿ ಹಿಂದಿನ ಓಣಿಗೆ ಹೋಗಿ ಬರುತ್ತೇವೆ.